ಬ್ಯಾಗು ತೂಗ್ತದೆ, ಏಟು ಮಾತ್ರ ಇಳಿಯಲ್ಲ: ಗ್ಯಾಕು ಜುಕಿಯಲ್ಲಿ ಬಲ ಎಲ್ಲಿ ಸೋರ್ತಿದೆ?

ಕೌಲ್‌ಬಜಾರ್ ಕರಾಟೆ, ಬಳ್ಳಾರಿ

ಶೋಟೋಕಾನ್ ಶೈಲಿಯ ಕರಾಟೆ ಕಲಿಯೋ ಹುಡುಗರು, ತೂಕ 58ರಿಂದ 65 ಕೆಜಿ ಒಳಗೆ. ಗ್ಯಾಕು ಜುಕಿ, ಅಂದ್ರೆ ಹಿಂದಿನ ಕೈಯ ನೇರ ಗುದ್ದು, ಗಾಳಿಗೆ ಹೊಡೆದಾಗ ನೋಡೋಕೆ ಚೆಂದ ಐತೆ, ತೋಳಿನ ಬಟ್ಟೆ ಫಟ್ ಅಂತದೆ. ಅದೇ ಗುದ್ದು 35 ಕೆಜಿ ಬ್ಯಾಗಿಗೆ ಬಿದ್ರೆ ಬ್ಯಾಗು ತೊಟ್ಟಿಲು ತೂಗಿದಂಗೆ ಆ ಕಡೆ ಹೋಗಿ ಈ ಕಡೆ ಬರ್ತದೆ, ಧಪ್ ಅನ್ನೋ ಸದ್ದೇ ಇಲ್ಲ. ಸೊಂಟ ತಿರುಗಿಸ್ತಾರೆ, ಇನ್ನೊಂದು ಕೈಯನ್ನ ಸೊಂಟದ ಹತ್ರ ಹಿಂದಕ್ಕೆ ಎಳೆಯೋ ಹಿಕಿತೆನೂ ಮಾಡ್ತಾರೆ, ಹಿಂದಿನ ಹಿಮ್ಮಡಿ ನೆಲ ಬಿಡಲ್ಲ. ಸೊಂಟ ಇನ್ನೂ ಜಾಸ್ತಿ ತಿರುಗಿಸ್ಬೇಕಾ, ಇಲ್ಲ ಪುಷ್‌ಅಪ್ ಹೆಚ್ಚು ಮಾಡಿಸ್ಬೇಕಾ? ಬಾಕ್ಸಿಂಗಿನವರೂ ಹೇಳ್ರಿ.

ಎಡಗೈ ರಾಯಚೂರು

ಸರ, ಎರಡೂ ಬ್ಯಾಡ್ರಿ. ಬ್ಯಾಗು ದೂರ ಹೋಯ್ತು ಅಂದ್ರ ಏಟು ಜೋರಿತ್ತು ಅಂತ ಅರ್ಥ ಅಲ್ಲ. ನೂಕಿದ್ರೂ ಹೋಗ್ತದ.

ಲೆಕ್ಕ ಹಾಕಿ ನೋಡ್ರಿ. ಒಲಿಂಪಿಕ್ ಮಟ್ಟದ ಬಾಕ್ಸರ್‌ಗಳನ್ನ ಅಳದು 2005ರಾಗ ಪ್ರಕಟ ಮಾಡಿದ್ದು ಅದ: ಮುಷ್ಟಿ ವೇಗ ಸೆಕೆಂಡಿಗೆ ಸುಮಾರು 9 ಮೀಟರ್. ಏಟು ಬೀಳೋ ಕ್ಷಣಕ್ಕ ಮುಷ್ಟಿ ಬೆನ್ನಿಗೆ ಗಟ್ಟಿಯಾಗಿ ನಿಂತ ಮೈಭಾರ ಸರಾಸರಿ 2.9 ಕೆಜಿ. ಎರಡನ್ನ ಗುಣಿಸಿದ್ರ 26, ಅದು ಏಟಿನ ಒಟ್ಟು ಆವೇಗ. ಈ 26ನ್ನ 15 ಮಿಲಿಸೆಕೆಂಡಿನಾಗ ಇಳಿಸಿದ್ರ ಸರಾಸರಿ ಬಲ 1,700 ನ್ಯೂಟನ್ ದಾಟ್ತದ. ಅದೇ 26ನ್ನ 100 ಮಿಲಿಸೆಕೆಂಡ್ ಎಳದ್ರ ಬರೇ 260. ಬ್ಯಾಗು ಎರಡೂ ಸಲ ಹೆಚ್ಚುಕಮ್ಮಿ ಅಷ್ಟೇ ದೂರ ತೂಗ್ತದ, ಯಾಕಂದ್ರ ಒಟ್ಟು ಕೊಟ್ಟಿದ್ದು ಅಷ್ಟೇ. ಮೊದಲನೇದರಾಗ ಮಾತ್ರ ಬ್ಯಾಗಿನ ಹೊಟ್ಟಿ ಒಳಗ ಮಡಚ್ತದ.

ನಿಮ್ಮ ಹುಡುಗರದು ಎರಡನೇ ಥರದ್ದು. ಹೊತ್ತು ಎಳೆಯೋದು ಎಲ್ಲಿ ಅಂತ ಹುಡುಕ್ರಿ. ಮಣಿಕಟ್ಟು ಮಡಚ್ತದೋ, ಭುಜ ಹಿಂದಕ್ಕ ಸರೀತದೋ, ಮೈಯೇ ಮುಂದಕ್ಕ ಹರದು ಹೋಗ್ತದೋ.

ಸಂಡೂರು ಗುಡ್ಡ

ಮೇಲಿನ ಲೆಕ್ಕ ಸರಿ. ವೇಗ ಎಲ್ಲಿಂದ ಬರುತ್ತದೆ ಅನ್ನುವುದನ್ನು ಸೇರಿಸುತ್ತೇನೆ.

1985ರಲ್ಲಿ ಪ್ರಕಟವಾದ ಸೋವಿಯತ್ ಅಧ್ಯಯನದಲ್ಲಿ 120 ಬಾಕ್ಸರ್‌ಗಳ ಗುದ್ದನ್ನು ಭಾಗ ಮಾಡಿ ನೋಡಿದ್ದರು. ಪಳಗಿದವರಲ್ಲಿ ಹಿಂದಿನ ಕಾಲಿನ ಒತ್ತಿನ ಪಾಲು ಶೇ 38.5, ಮುಂಡದ ತಿರುವು 37.4, ತೋಳು 24.1. ಕೆಳದರ್ಜೆಯವರಲ್ಲಿ ಕಾಲು ಶೇ 16.5ಕ್ಕೆ ಇಳಿದು ತೋಳು 38ಕ್ಕೆ ಏರುತ್ತದೆ, ಮುಂಡ 45.5. ಗಮನಿಸಿ, ಹೊಸಬರ ಸೊಂಟ-ಮುಂಡದ ಪಾಲು ಕಡಿಮೆಯಿಲ್ಲ, ಹೆಚ್ಚೇ ಇದೆ. ಹಾಗಾಗಿ 'ಸೊಂಟ ತಿರುಗಿಸು, ಸೊಂಟ ತಿರುಗಿಸು' ಎಂದು ಕೂಗುವುದರಿಂದ ಏನೂ ಆಗುವುದಿಲ್ಲ. ಅವರಲ್ಲಿ ಇಲ್ಲದ್ದು ಕಾಲು.

ಗ್ಯಾಕು ಜುಕಿಯಲ್ಲಿ ಕಾಲು ಸಾಯುವ ಜಾಗ ಒಂದೇ. ಮುಂದಿನ ಮೊಣಕಾಲು ಮಡಚಿ ಉದ್ದಕ್ಕೆ ನಿಲ್ಲುವ ಜೆಂಕುತ್ಸು ದಾಚಿಯಲ್ಲಿ ಹಿಂದಿನ ಮೊಣಕಾಲನ್ನು ಮೊದಲೇ ನೆಟ್ಟಗೆ ಮಾಡಿಕೊಂಡು ಆಮೇಲೆ ಗುದ್ದುವುದು. ಚಾಚಿ ಮುಗಿದ ಕಾಲಿನಲ್ಲಿ ಚಾಚಲು ಇನ್ನೇನು ಉಳಿದಿರುತ್ತದೆ? ಆ ನಿಲುವು ಗುದ್ದು ಮುಗಿದ ಜಾಗ, ಶುರುವಾಗುವ ಜಾಗ ಅಲ್ಲ. ಹೊರಡುವಾಗ ಹಿಂದಿನ ಮೊಣಕಾಲು 20-30 ಡಿಗ್ರಿ ಮಡಚಿರಲಿ.

ಎರಡನೆಯದು, ಹಿಂದಿನ ಪಾದದ ಮೂತಿ. ಅದು ಪೂರ್ತಿ ಪಕ್ಕಕ್ಕೆ ತಿರುಗಿದ್ದರೆ ಒತ್ತು ಪಕ್ಕಕ್ಕೇ ಹೋಗುತ್ತದೆ, ಮೊಣಕಾಲು ಒಳಗೆ ಕುಸಿಯುತ್ತದೆ. 45 ಡಿಗ್ರಿಗಿಂತ ಹೊರಕ್ಕೆ ಬಿಡಬೇಡಿ.

ಗಂಗಾವತಿ ಗರಡಿ

ಎಲ್ಲಾರೂ ಹಿಂದಿನ ಕಾಲು ಹಿಡ್ಕೊಂಡು ಕುಂತೀರಿ. ಮುಂದಿನ ಕಾಲು ಯಾರ್ ನೋಡಬೇಕು?

ಬಾರುಕೋಲು ಬೀಸೋರನ್ನ ನೋಡ್ರಿ. ಹಿಡಿ ನಿಂತ್ರ ತುದಿ ಸಿಡಿತೈತಿ. ಗುದ್ದಿನಾಗೂ ಸೊಂಟ ಜೋರು ಹೊಂಟು ತಟ್ಟನ ನಿಲ್ಲಬೇಕು, ಆಗ ಎದಿ ಹೊಂಡತೈತಿ. ಎದಿ ನಿಂತಾಗ ಭುಜ, ಭುಜ ನಿಂತಾಗ ಮುಷ್ಟಿ. ನಿಲ್ಲಿಸೋರು ಯಾರು? ಮುಂದಿನ ಕಾಲು.

ಮುಂದಿನ ಕಾಲಿನ ಸೊಂಟದ ಕೀಲು ಬಾಗಲದ ಕೀಲು ಇದ್ದಂಗ. ಬಾಗಲ ತಿರುಗಬೇಕು, ಚೌಕಟ್ಟು ಅಳ್ಳಾಡಬಾರದು. ನಿಮ್ಮ ಹುಡುಗರು ಗುದ್ದೋವಾಗ ಮುಂದಿನ ಮೊಣಕಾಲು ಬೆರಳು ದಾಟಿ ಮುಂದ ಹೊಂಟೈತಿ ಅಂದ್ರ ಚೌಕಟ್ಟು ಸಮೇತ ಬಾಗಲ ಹೊಂಟೈತಿ. ಬ್ಯಾಗು ತೂಗೋದು ಅದಕ್ಕ.

ಪರೀಕ್ಷೆ ಸುಲಭ ಐತಿ. ಪರಸಿ ಕಲ್ಲಿನ ನೆಲದ ಮ್ಯಾಲೆ ಮುಂದಿನ ಹೆಬ್ಬೆರಳ ತುದಿಗೆ ಸೀಮೆಸುಣ್ಣದ ಗೆರಿ ಎಳೀರಿ. ಮುಂದಿನ ತೊಡಿ ಹೊರಮಗ್ಗುಲಿಗೆ ಹಗುರಾದ ಪ್ಲಾಸ್ಟಿಕ್ ಕುರ್ಚಿ ತಾಗಿಸಿ ಇಡ್ರಿ. ಹತ್ತು ಗುದ್ದು ಹೊಡೀಲಿ. ಮೊಣಕಾಲು ಗೆರಿ ದಾಟಿದ್ರ ಬಲ ಮುಂದಕ್ಕ ಸೋರಾಕ ಹತ್ತೈತಿ. ಕುರ್ಚಿ ಸರದ್ರ ಪಕ್ಕಕ್ಕ ಸೋರಾಕ ಹತ್ತೈತಿ.

ಕೌಲ್‌ಬಜಾರ್ ಕರಾಟೆ, ಬಳ್ಳಾರಿ

ಬಾಗಿಲ ಕೀಲಿನ ಮಾತು ತಲೆಗೆ ಹೋಯ್ತು. ಇನ್ನೆರಡು ಕೇಳ್ತೀನಿ. ಹಿಂದಿನ ಹಿಮ್ಮಡಿ ನೆಲಕ್ಕೆ ಅಂಟಿರ್ಬೇಕು ಅಂತ ನಮ್ಮಲ್ಲಿ ಕಡ್ಡಾಯ. ಬಾಕ್ಸಿಂಗಿನವರು ಎತ್ತಿ ತಿರುಗಿಸ್ತಾರೆ. ಯಾವುದು ಸರಿ? ಹಿಕಿತೆ ನಿಜವಾಗ್ಲೂ ಬಲ ಕೊಡ್ತದಾ?

ಎಡಗೈ ರಾಯಚೂರು

ಹಿಮ್ಮಡಿ ಎತ್ತೋದು ಕಾರಣ ಅಲ್ರಿ, ಪರಿಣಾಮ. ಮುಂಗಾಲಿನಿಂದ ನೆಲ ಒತ್ತಿ ಸೊಂಟ ತಿರುಗಿದ್ರ ಹಿಮ್ಮಡಿ ತಾನಾಗೇ ಎದ್ದು ಹೊರಕ್ಕ ತಿರುಗ್ತದ. ಸಿಗರೇಟು ಹೊಸಕಿದಂಗ ಪಾದ ತಿರುಗಿಸ್ರಿ ಅಂತ ಹೇಳಿಕೊಡ್ತಾರಲ್ಲ, ಅದರಿಂದಾನೇ ಕೆಟ್ಟದ್ದು. ಹುಡುಗ ಪಾದ ತಿರುಗಿಸ್ತಾನ, ಸೊಂಟ ಹಿಂದೇ ಉಳೀತದ. ನೆಲಕ್ಕ ಏನೂ ಒತ್ತೇ ಇರಂಗಿಲ್ಲ.

ಹಿಮ್ಮಡಿ ಇಟ್ಟು ಹೊಡೆಯೋದಕ್ಕೂ ಬಲ ಬರ್ತದ. ಆದ್ರ ಸೊಂಟ ಪೂರ್ತಿ ಎದುರಿಗೆ ಬರಬೇಕಂದ್ರ ಹಿಂದಿನ ಕಾಲಿನ ಸೊಂಟದ ಕೀಲು, ಪಾದದ ಕೀಲು ಎರಡೂ ಸಡಿಲ ಇರಬೇಕು. ಬಿಗಿ ಇದ್ದೋರು ಹಿಮ್ಮಡಿ ಹಿಡದ್ರ ಸೊಂಟ ಅರ್ಧಕ್ಕೇ ನಿಲ್ತದ, ಉಳಿದ ತಿರುವು ಕೆಳಬೆನ್ನಿನ ಮ್ಯಾಲೆ ಬೀಳ್ತದ. ಬ್ಯಾಗಿನ ಮ್ಯಾಲೆ ಎರಡು ಸೆಂ.ಮೀ. ಎತ್ತಾಕ ಬಿಡ್ರಿ. ಕಾತಾದಾಗ, ಅಂದ್ರ ಗೊತ್ತುಮಾಡಿದ ಒಂಟಿ ವರಸೆಯಾಗ, ನಿಮ್ಮ ನಿಯಮ ನಿಮಗ.

ಸಂಡೂರು ಗುಡ್ಡ

ಹಿಕಿತೆ: ಒಂದು ತೋಳು ಮೈತೂಕದ ಸುಮಾರು ಶೇ 5. 60 ಕೆಜಿ ಹುಡುಗನಿಗೆ 3 ಕೆಜಿ. ಅದನ್ನು ಹಿಂದಕ್ಕೆ ಎಳೆದರೆ ಆ ಕಡೆಯ ಭುಜ ಹಿಂದಕ್ಕೆ ಹೋಗಲು ಸಹಾಯ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಕಾಲು ಕೊಡುವುದರ ಮುಂದೆ ಅದು ಚಿಲ್ಲರೆ, ಅದಕ್ಕಾಗಿ ಗಲ್ಲ ಖಾಲಿ ಬಿಡುವುದು ದುಬಾರಿ. ಎದುರಾಳಿಯ ಕೈಯನ್ನೋ ಬಟ್ಟೆಯನ್ನೋ ಹಿಡಿದು ಎಳೆದುಕೊಂಡು ಹೊಡೆಯುವಾಗ ಹಿಕಿತೆಗೆ ನಿಜವಾದ ಕೆಲಸ ಇದೆ. ಖಾಲಿ ಕೈ ಎಳೆಯುವಾಗ ಆಗುವ ಕೆಡುಕು ಬೇರೆ: ಎರಡೂ ಕೈ ಒಟ್ಟಿಗೇ ಹೊರಡುವುದರಿಂದ ಸೊಂಟ, ಭುಜ, ಮುಷ್ಟಿ ಒಂದೇ ಕ್ಷಣಕ್ಕೆ ಹೊರಡುತ್ತವೆ. ಸರಪಳಿ ಹೋಗಿ ಹಲಗೆ ತಿರುಗಿದಂತೆ ಆಗುತ್ತದೆ.

ಇದನ್ನು ಕಣ್ಣಿನಿಂದ ಹಿಡಿಯಲಾಗದು, ಮೊಬೈಲ್ ಬೇಕು. ಸ್ಲೋ ಮೋಷನ್‌ನಲ್ಲಿ 240 ಫ್ರೇಮ್ ಇಡಿ, ಒಂದೊಂದು ಫ್ರೇಮ್ 4 ಮಿಲಿಸೆಕೆಂಡ್ ಚಿಲ್ಲರೆ. ಫೋನು ಸೊಂಟದ ಎತ್ತರಕ್ಕೆ, ಮೂರು ಮೀಟರ್ ದೂರ, ಗುದ್ದುವ ಕೈಯ ಮಗ್ಗುಲಿಗೆ. ಪ್ಯಾಂಟಿನ ಸೊಂಟದ ಮೇಲೆ, ಭುಜದ ಮೇಲೆ, ಮೊಣಕೈ ಮೇಲೆ ಬಿಳಿ ಟೇಪಿನ ತುಂಡು ಅಂಟಿಸಿ. ಫ್ರೇಮ್ ಫ್ರೇಮ್ ಸರಿಸಿ ಯಾವುದು ಮೊದಲು ಹೊರಡುತ್ತದೆ ಬರೆದುಕೊಳ್ಳಿ. ಸೊಂಟಕ್ಕೂ ಭುಜಕ್ಕೂ ನಡುವೆ ಕೆಲವು ಫ್ರೇಮ್ ಅಂತರ ಸ್ಪಷ್ಟವಾಗಿ ಕಾಣಬೇಕು. ಎಷ್ಟು ಅನ್ನುವ ಹಠ ಬೇಡ, ಕ್ರಮ ಸರಿ ಇರಲಿ. ಬೆಳಗಿನ ಬೆಳಕಲ್ಲಿ ತೆಗೆಯಿರಿ, ಟ್ಯೂಬ್‌ಲೈಟಿನಲ್ಲಿ ಚಿತ್ರ ಮಿನುಗುತ್ತದೆ.

ಕೀಲುಮೂಳೆ, ರಾಯಚೂರು

ಬಲ ಹೆಚ್ಚಿಸುವ ಮಾತು ಜೋರಾಗಿ ನಡೆದಿದೆ. ಕೈ ಅದನ್ನು ತಡೆಯುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ಅಂಗೈಯ ಎರಡನೇ, ಮೂರನೇ ಮೂಳೆ, ಅಂದರೆ ತೋರುಬೆರಳು ಮತ್ತು ನಡುಬೆರಳಿನ ಬುಡದವು, ಮಣಿಕಟ್ಟಿಗೆ ಬಿಗಿಯಾಗಿ ಕೂತಿವೆ. ನಾಲ್ಕು, ಐದನೇ ಮೂಳೆಗಳು ಅಲ್ಲಾಡುತ್ತವೆ. ಮುಷ್ಟಿ ಬಿಗಿ ಹಿಡಿದು ಕಿರುಬೆರಳ ಗೆಣ್ಣು ಒತ್ತಿ ನೋಡಿ, ತಿಳಿಯುತ್ತದೆ. ಕಿರುಬೆರಳ ಮೂಳೆಯ ಕತ್ತು ಮುರಿಯುವುದಕ್ಕೇ ಬಾಕ್ಸರ್ ಮುರಿತ ಎಂದು ಹೆಸರು. ಆದರೆ ಚೆನ್ನಾಗಿ ಹೊಡೆಯುವವರಿಗಿಂತ, ಮೊಣಕೈ ಹೊರಕ್ಕೆ ಬಿಟ್ಟು ಬೀಸುವವರಿಗೇ ಅದು ಹೆಚ್ಚು. ಮೊಣಕೈ ಹೊರಗೆ ಹೋದರೆ ಮುಷ್ಟಿ ಓರೆಯಾಗಿ ಕಿರುಬೆರಳ ಕಡೆಯಿಂದ ತಾಗುತ್ತದೆ.

ಗೋಡೆ ಪರೀಕ್ಷೆ ಮಾಡಿಸಿ. ಮುಷ್ಟಿಯನ್ನು ಗೋಡೆಗೆ ಇಟ್ಟು, ಮೊಣಕೈ ಸ್ವಲ್ಪ ಮಡಚಿ, ಹಿಂದಿನ ಕಾಲಿನಿಂದ ನಿಧಾನವಾಗಿ ಒತ್ತಲಿ. ಹತ್ತು ಸೆಕೆಂಡ್. ಮೊದಲು ಕುಸಿಯುವುದು ಎಲ್ಲಿ ನೋಡಿ. ಮಣಿಕಟ್ಟು ಕೆಳಗೆ ಬಾಗಿದರೆ ಗೆಣ್ಣಿನ ಸಾಲು ತಪ್ಪಿದೆ. ಭುಜ ಕಿವಿಗೆ ಏರಿದರೆ ಪಕ್ಕೆಲುಬಿಗೆ ಅಂಟಿದ ಸ್ನಾಯು ಕೆಲಸ ಮಾಡುತ್ತಿಲ್ಲ. ಸೊಂಟ ಹಿಂದಕ್ಕೆ ಉಳಿದು ಬೆನ್ನು ಕಮಾನಾದರೆ ಹೊಟ್ಟೆ ಸಡಿಲ. ಪುಷ್‌ಅಪ್ ಮಾಡಿಸುವುದಾದರೆ ಇದಕ್ಕಾಗಿ ಮಾಡಿಸಿ: ಮೇಲೆ ಬಂದಾದ ಮೇಲೆ ಕೈ ಮಡಚದೆ, ಬೆನ್ನಿನ ಹಲಗೆಮೂಳೆ ಎರಡೂ ಅಗಲವಾಗುವಂತೆ ಇನ್ನೆರಡು ಸೆಂ.ಮೀ. ನೆಲ ಒತ್ತಬೇಕು. ಹತ್ತರಂತೆ ಮೂರು ಸರದಿ ಸಾಕು. ನೂರು ದಂಡ ಹೊಡೆಸಿದರೆ ದಂಡ ಹೊಡೆಯುವುದರಲ್ಲಿ ಹುಷಾರಾಗುತ್ತಾರೆ.

ಕೈಪಟ್ಟಿ ನಾಲ್ಕೂವರೆ ಮೀಟರ್ ಉದ್ದದ್ದು ತೊಗೊಳ್ಳಿ. ಸುತ್ತುವಾಗ ಬೆರಳು ಅಗಲಿಸಿರಲಿ. ಮಡಚಿ ಸುತ್ತಿದರೆ ಮುಷ್ಟಿ ಹಿಡಿದಾಗ ಪಟ್ಟಿ ಸಡಿಲವಾಗುತ್ತದೆ. ಹೆಬ್ಬೆರಳ ಕೊಂಡಿಯಿಂದ ಶುರು, ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿನ ಮೇಲೆ ಮೂರು, ಬೆರಳ ಸಂದಿಗಳಲ್ಲಿ ಒಂದೊಂದು, ಉಳಿದದ್ದೆಲ್ಲ ಮತ್ತೆ ಮಣಿಕಟ್ಟಿಗೆ. ಬೆರಳ ತುದಿ ನೀಲಿಯಾದರೆ ಬಿಚ್ಚಿ ಮತ್ತೆ ಸುತ್ತಿ.

ಎಡಗೈ ರಾಯಚೂರು

ಡಾಕ್ಟರ್ರು ಹೇಳಿದ್ದಕ್ಕ ಒಂದು ಕೂಡಿಸ್ತೀನಿ. ಬಿಗಿ ಯಾವಾಗ, ಸಡಿಲ ಯಾವಾಗ ಅನ್ನೋದು. ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ತಂಡ 2010ರಾಗ ಹೊಡೆದಾಟದ ಆಟಗಾರರ ಸ್ನಾಯುಗಳಿಗೆ ತಂತಿ ಅಂಟಿಸಿ ನೋಡ್ತು. ಹೊರಡೋವಾಗ ಒಂದು ಬಿಗಿತ, ನಡುವೆ ಸಡಿಲ, ತಾಗೋವಾಗ ಮತ್ತೊಂದು ಬಿಗಿತ. ಎರಡು ಶಿಖರ. ನಡುವಿನ ಸಡಿಲದಾಗ ವೇಗ ಬರ್ತದ, ಕೊನೇ ಬಿಗಿತದಾಗ ಭಾರ ಕೂಡ್ತದ. ನಿಮ್ಮ ಕಿಮೆ ಅನ್ನೋದು ಇದೇ ಕೊನೇ ಬಿಗಿತ. ಹುಡುಗರು ಏನ್ ಮಾಡ್ತಾರಂದ್ರ ಶುರುವಿನಿಂದಾನೇ ಹಲ್ಲು ಕಚ್ಚಿ ಬಿಗೀತಾರ. ಕೈ ಬಿಗಿ ಇದ್ರ ಬೈಸೆಪ್ಸೂ ಬಿಗಿ, ಅದು ಮೊಣಕೈ ಚಾಚೋದಕ್ಕೆ ತಡಿ ಹಾಕ್ತದ. ಒಂದು ಕಾಲಿಂದ ಗ್ಯಾಸು ಒತ್ತಿ ಇನ್ನೊಂದು ಕಾಲಿಂದ ಬ್ರೇಕು ಒತ್ತಿದಂಗ.

ಇನ್ನೊಂದು ಕಡೆ ಪೂರ್ತಿ ಸಡಿಲ ಬಿಟ್ರ ಒದ್ದಿ ಬಟ್ಟಿ ಒಗೆಯೋ ಕಲ್ಲಿಗೆ ಬಡದಂಗ. ಸದ್ದು ಜೋರು, ಕಲ್ಲಿಗೇನೂ ಆಗಂಗಿಲ್ಲ. ಹೊರಡೋವಾಗ ಕೈಯಾಗ ಗುಬ್ಬಿಮರಿ ಹಿಡದಂಗ ಮುಷ್ಟಿ, ತಾಗೋ ಹತ್ತು ಸೆಂ.ಮೀ. ಮೊದಲು ಬಿಗಿ. ತಾಗಿದ ಮ್ಯಾಲೆ ನಾಲ್ಕೈದು ಸೆಂ.ಮೀ. ಒಳಗ ಹೋಗಿ ಮುಗೀಬೇಕು. ಬ್ಯಾಗಿಗೆ ಮುಷ್ಟಿ ಅಂಟಿಸಿ ನಿಲ್ಲಿಸಬ್ಯಾಡ್ರಿ. ಕರಾಟೆಯವರು ಫೋಟೋಕ್ಕ ನಿಂತಂಗ ಕೊನೆಗೆ ನಿಲ್ತಾರ, ಅಲ್ಲೇ ನೂಕು ಹುಟ್ಟೋದು. ಬೇಜಾರಾಗಬ್ಯಾಡ್ರಿ.

ಕೌಲ್‌ಬಜಾರ್ ಕರಾಟೆ, ಬಳ್ಳಾರಿ

ಬೇಜಾರೇನಿಲ್ಲ ಅಣ್ಣ, ಆದ್ರೆ ಒಂದು ಜಗಳ ಬಾಕಿ ಐತೆ. ಹೆಜ್ಜೆ ಇಟ್ಟು, ಮುಂದೆ ಬಂದ ಕಾಲಿನ ಕಡೆ ಕೈಯಿಂದಲೇ ಗುದ್ದೋ ಓಯಿ ಜುಕಿಯಲ್ಲಿ ಹೆಜ್ಜೆ ಊರೋದು, ಮುಷ್ಟಿ ತಾಗೋದು ಒಟ್ಟಿಗೇ ಅಂತ ನಾವು. ಅಮೆರಿಕದ ಹಳೇ ಬಾಕ್ಸರ್ ಜ್ಯಾಕ್ ಡೆಂಪ್ಸಿ ಹೆಜ್ಜೆ ಊರೋಕೆ ಮುಂಚೆ ಮುಷ್ಟಿ ತಾಗ್ಬೇಕು ಅಂತಾನೆ. ಗಂಗಾವತಿಯವರು ಮುಂದಿನ ಕಾಲು ಮೊದಲು ಗಟ್ಟಿ ಊರಿ ಬ್ರೇಕ್ ಹಾಕು ಅಂತಾರೆ. ಮೂರೂ ಹೆಂಗೆ ನಿಜ ಆಗ್ತವೆ?

ಗಂಗಾವತಿ ಗರಡಿ

ಡೆಂಪ್ಸಿ 1919ರಿಂದ 1926ರ ತನಕ ಹೆವಿವೇಟ್ ಚಾಂಪಿಯನ್, ಅವನ ಮಾತು ಸುಮ್ನ ತಳ್ಳಂಗಿಲ್ಲ. ಆದ್ರ ಅವನು ಹೇಳಿದ್ದು ಮುಂದಿನ ಕೈ ಗುದ್ದಿಗೆ. ಮುಂದಿನ ಕಾಲು ಎತ್ತಿದ್ರ ಮೈ ಮುಂದಕ್ಕ ಬೀಳತೈತಿ. ಬೀಳೋ ಮೈಯ ಭಾರ ಮುಷ್ಟಿಗೆ ಹೋಗಬೇಕು, ಪಾದ ಮೊದಲು ಊರಿದ್ರ ಭಾರ ನೆಲಕ್ಕ ಹೋಗತೈತಿ. ಚೀಲ ಹೊತ್ತಾವ ಎಡವಿದಾಗ ಮೊದಲು ಕೈ ಗ್ವಾಡಿಗೆ ಬಿದ್ರ ಕೈ ನೋಯತೈತಿ, ಕಾಲು ಊರಿದ್ರ ಉಳದ.

ಹಿಂದಿನ ಕೈ ಗುದ್ದು ಬ್ಯಾರೆ. ಅಲ್ಲಿ ಬೀಳೋದು ಕಮ್ಮಿ, ತಿರುಗೋದು ಹೆಚ್ಚು. ತಿರುಗಾಕ ಕೀಲು ಬೇಕು, ಕೀಲಿಗೆ ಊರಿದ ಕಾಲು ಬೇಕು. ಗ್ಯಾಕು ಜುಕಿ, ಬಾಕ್ಸಿಂಗಿನ ಹಿಂದಿನ ಕೈ ಕ್ರಾಸ್ ಎರಡಕ್ಕೂ ಮುಂದಿನ ಪಾದ ಮುಷ್ಟಿಗಿಂತ ಕೂದಲೆಳಿಯಷ್ಟು ಮೊದಲು. ಓಯಿ ಜುಕಿ ಎರಡರ ನಡುವೆ, ಅದಕ್ಕ ಒಟ್ಟಿಗೇ ಅಂತಾರ.

ಸಂಡೂರು ಗುಡ್ಡ

ಒಪ್ಪುತ್ತೇನೆ, ಒಂದು ತಿದ್ದುಪಡಿ ಸಹಿತ. ಮುಂದಿನ ಕಾಲು ಬರೀ ಗಟ್ಟಿಯಾಗಿ ನಿಲ್ಲುವುದಲ್ಲ, ಗುದ್ದು ತಾಗುವ ಹೊತ್ತಿಗೆ ಮೊಣಕಾಲು ಸ್ವಲ್ಪ ನೆಟ್ಟಗಾಗುತ್ತಾ ಆ ಕಡೆಯ ಸೊಂಟವನ್ನು ಹಿಂದಕ್ಕೆ ತಳ್ಳಬೇಕು. ಆಗ ಒಂದು ಸೊಂಟ ಮುಂದೆ, ಒಂದು ಹಿಂದೆ. ನೋಡಬೇಕೆಂದರೆ 2021ರ ಸೆಪ್ಟೆಂಬರಿನಲ್ಲಿ ನಮ್ಮ ತೋರಣಗಲ್ಲಿನ ಬಳಿ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಪುರುಷರ ರಾಷ್ಟ್ರೀಯ ಬಾಕ್ಸಿಂಗ್ ನಡೆಯಿತಲ್ಲ, ಅಂಥ ಕೂಟಗಳ ವಿಡಿಯೋದಲ್ಲಿ ಕೈ ಮುಚ್ಚಿ ಮುಂದಿನ ಮೊಣಕಾಲು ಮಾತ್ರ ನೋಡಿ. ಹತ್ತು ನಿಮಿಷದಲ್ಲಿ ಕಣ್ಣು ಪಳಗುತ್ತದೆ.

ನೆಲವೂ ಮುಖ್ಯ. ಗರಡಿಯ ಕೆಂಪು ಮಣ್ಣಿನಲ್ಲಿ ಪಾದ ಇಳಿಯುವುದರಿಂದ ಒತ್ತು ತಡವಾಗಿ ವಾಪಸು ಬರುತ್ತದೆ, ಗುದ್ದಿಗೆ ಅದು ಸರಿಯಲ್ಲ. ಬೆವರು ಬಿದ್ದ ಪರಸಿ ಜಾರುತ್ತದೆ. ಒರಟು ಸಿಮೆಂಟಿನ ಮೇಲೆ ರಬ್ಬರ್ ಬೂಟು ಕಚ್ಚಿಕೊಂಡು, ಪಾದ ನಿಂತೇ ಇದ್ದು ಮೊಣಕಾಲು ತಿರುಗುತ್ತದೆ. ಮೂರರಲ್ಲಿ ಇದು ಅಪಾಯದ್ದು.

ಕೌಲ್‌ಬಜಾರ್ ಕರಾಟೆ, ಬಳ್ಳಾರಿ

ಬ್ಯಾಗಿನ ಬಗ್ಗೆನೂ ಹೇಳಿ. ನಮ್ಮದರಲ್ಲಿ ಮರಳು ತುಂಬಿತ್ತು, ಕೆಳಗೆ ಕಲ್ಲಾಗೈತೆ, ಮೇಲೆ ಖಾಲಿ.

ಗಂಗಾವತಿ ಗರಡಿ

ಮರಳು ಹಾಕಿದೋರಿಗೆ ನಮಸ್ಕಾರ. ಮರಳು ಇಳೀತೈತಿ, ಕೆಳಗಿನ ಒಂದಡಿ ಗ್ವಾಡಿ ಆಗತೈತಿ. ಹೊಡದ್ರ ಮಣಿಕಟ್ಟು ಹೋತು. ನಮ್ಮ ಕಡೆ ರೈಸ್ ಮಿಲ್ಲಿನ ಹೊಟ್ಟು ಪುಕ್ಕಟೆ ಸಿಗತೈತಿ ಅಂತ ತುಂಬತಾರ. ಹಗುರ, ಧೂಳು ಬ್ಯಾರೆ. ರಾಯಚೂರಿನ ಹತ್ತಿ ಮೆತ್ತಗೈತಿ, ವಾರದಾಗ ಗಂಟು ಕಟ್ಟತೈತಿ.

ನೀವು ಬಳ್ಳಾರಿಯೋರು, ಪುಣ್ಯವಂತರು. ಜೀನ್ಸ್ ಹೊಲಿಯೋ ಊರಾಗ ಇದ್ದು ಮರಳು ತುಂಬ್ತೀರಲ್ಲ! ಕಟಿಂಗ್‌ನಾಗ ಉಳಿದ ತುಂಡು ಬಟ್ಟಿ ಚೀಲಗಟ್ಟಲೆ ತರ್ರಿ. ಮೊದಲು ನೆಲಕ್ಕ ಸುರುವಿ ಒಂದೊಂದೇ ಕೈಯಾಡಿಸಿ ನೋಡ್ರಿ: ಜಿಪ್ಪು, ಗುಂಡಿ, ತಾಮ್ರದ ರಿವೆಟ್ಟು ಇದ್ರ ಕತ್ತರಿಸಿ ತಗೀರಿ. ಒಂದು ರಿವೆಟ್ಟು ಹೊರಗಿನ ಪದರಕ್ಕ ಬಂದ್ರ ಗ್ಲೌಸ್ ದಾಟಿ ಗೆಣ್ಣಿಗೆ ಬಡಿತೈತಿ. ಅಂಗೈಯಗಲ ತುಂಡು ಮಾಡ್ರಿ, ಉದ್ದ ಪಟ್ಟಿ ಸುತ್ಕೊಂಡು ಗಂಟಾಗತೈತಿ.

ಒಂದು ಗೇಣು ತುಂಬೋದು, ಒನಕಿಯಿಂದ ಕುಟ್ಟೋದು, ಮತ್ತೊಂದು ಗೇಣು. ಕೆಳಗ ಮೆಲ್ಲಕ ಕುಟ್ರಿ, ಮ್ಯಾಲೆ ಹೋದಂಗ ಜೋರು, ಯಾಕಂದ್ರ ತಾನಾಗೇ ಕೆಳಗ ಇಳೀತೈತಿ. ತೂಕ ಹುಡುಗರ ಮೈತೂಕದ ಅರ್ಧ ಬಂದ್ರ ಸಾಕು. ಎರಡು ವಾರ ಹೊಡದ ಮ್ಯಾಲೆ ಕುಸೀತೈತಿ, ಬಿಚ್ಚಿ ಮತ್ತ ತುಂಬ್ರಿ. ತಗಡಿನ ಶೆಡ್ಡಿನ ತೆಳು ಪೈಪಿಗೆ ನೇತು ಹಾಕಬ್ಯಾಡ್ರಿ, ತೂಗೋವಾಗ ತೂಕಕ್ಕಿಂತ ಹೆಚ್ಚು ಜಗ್ಗತೈತಿ. ಕಾಂಕ್ರೀಟ್ ತೊಲಿ ಇಲ್ಲಾ ಕಬ್ಬಿಣದ ಗರ್ಡರು.

ಕೌಲ್‌ಬಜಾರ್ ಕರಾಟೆ, ಬಳ್ಳಾರಿ

ವಾರಕ್ಕೆ ಎಷ್ಟು, ಏನು ಮಾಡಿಸ್ಬೇಕು? ಏಪ್ರಿಲ್ ಬಿಸಿಲು, ಬೆಳಿಗ್ಗೆ ಐದೂವರೆಯಿಂದ ಏಳರ ತನಕ ಮಾತ್ರ ಸಮಯ.

ಎಡಗೈ ರಾಯಚೂರು

ಮೂರು ದಿನ ಸಾಕು. ಮೊದಲು ಗೋಡೆ ಪರೀಕ್ಷೆ, ಎರಡು ಸುತ್ತು. ಆಮ್ಯಾಲೆ 3 ಕೆಜಿ ಮೆಡಿಸಿನ್ ಬಾಲು, ಗೋಡೆಗೆ ಸೊಂಟದಿಂದ ತಿರುಗಿ ಎಸೆಯೋದು, ಒಂದು ಮಗ್ಗುಲಿಗೆ 5, ಮೂರು ಸರದಿ. ನಡುವೆ ಒಂದೂವರೆ ನಿಮಿಷ ಪೂರ್ತಿ ವಿಶ್ರಾಂತಿ. ಬಾಲು ಭಾರ ಮಾಡಬ್ಯಾಡ್ರಿ, 6 ಕೆಜಿ ಎಸೆದ್ರ ವೇಗ ಸತ್ತು ನೂಕು ಕಲೀತಾರ.

ಆಮ್ಯಾಲೆ ಬ್ಯಾಗು. ಒಂಟಿ ಗುದ್ದು, ಹತ್ತು. ಪ್ರತಿ ಗುದ್ದಿನ ನಡುವೆ ಬ್ಯಾಗು ನಿಲ್ಲೋ ತನಕ ಕಾಯಬೇಕು. ಇದು ಹುಡುಗರಿಗೆ ಸೇರಂಗಿಲ್ಲ, ಆದ್ರ ತೂಗೋ ಬ್ಯಾಗು ತಾನೇ ಬಂದು ಮುಷ್ಟಿಗೆ ಬಡದ್ರ ಸುಳ್ಳು ಸದ್ದು ಬರ್ತದ, ಬಲ ಬಂತು ಅನ್ಕೋತಾರ. ಸದ್ದು ಮಂಕಾದ ಕೂಡಲೇ ನಿಲ್ಲಿಸ್ರಿ. ದಣಿದ ಮ್ಯಾಲೆ ಹೊಡಿಯೋದು ದಮ್ಮಿಗೆ, ಬಲಕ್ಕಲ್ಲ. ದಮ್ಮಿನ ಸುತ್ತು ಬ್ಯಾರೆ ದಿನ ಇಡ್ರಿ.

ಕೌಲ್‌ಬಜಾರ್ ಕರಾಟೆ, ಬಳ್ಳಾರಿ

ನಾಲ್ಕು ಹುಡುಗರ ವಿಡಿಯೋ 240ರಲ್ಲಿ ನೋಡಿದ್ದಾಯ್ತು. ನಾಲ್ಕರಲ್ಲಿ ಮೂವರದು ಸೊಂಟ, ಭುಜ ಒಂದೇ ಫ್ರೇಮಿಗೆ ಹೊರಡ್ತವೆ. ಹಿಂದಿನ ಮೊಣಕಾಲು ಹೊರಡೋಕೆ ಮುಂಚೆನೇ ನೆಟ್ಟಗೆ. ಮುಂದಿನ ಮೊಣಕಾಲು ಮುಷ್ಟಿ ತಾಗಿದ ಮೇಲೂ ಆರೇಳು ಫ್ರೇಮ್ ಮುಂದಕ್ಕೆ ಹೋಗ್ತಾನೇ ಐತೆ. ನಾಲ್ಕನೆಯವನದು ಸರಿ ಐತೆ, ಆದ್ರೆ ಮಣಿಕಟ್ಟು ಕೆಳಕ್ಕೆ ಬಾಗ್ತದೆ.

ಸಂಡೂರು ಗುಡ್ಡ

ಮೂವರಿಗೂ ಒಟ್ಟಿಗೆ ಎಲ್ಲ ಹೇಳಬೇಡಿ. ಮೊದಲ ಎರಡು ವಾರ ಹಿಂದಿನ ಮೊಣಕಾಲು ಮಡಚಿಡುವುದು ಮತ್ತು ಮುಂದಿನ ಗೆರೆ, ಅಷ್ಟೇ. ಕಾಲು ಸರಿಯಾದರೆ ಭುಜ ಎಷ್ಟೋ ಸಲ ತಾನೇ ಹಿಂದೆ ಉಳಿಯುತ್ತದೆ.

ಕೀಲುಮೂಳೆ, ರಾಯಚೂರು

ನಾಲ್ಕನೆಯ ಹುಡುಗನನ್ನು ಬ್ಯಾಗಿನಿಂದ ಇಳಿಸಿ. ಉಳಿದದ್ದೆಲ್ಲ ಸರಿ ಇರುವುದರಿಂದ ಬಲ ಪೂರ್ತಿ ಆ ಬಾಗಿದ ಮಣಿಕಟ್ಟಿಗೇ ಬೀಳುತ್ತಿದೆ. ಗೋಡೆ ಪರೀಕ್ಷೆಯಲ್ಲಿ ಹತ್ತು ಸೆಕೆಂಡ್ ಬಾಗದೆ ನಿಲ್ಲುವವರೆಗೆ ಪ್ಯಾಡಿಗೆ ಅರ್ಧ ಬಲದಲ್ಲಿ ಹೊಡೆಯಲಿ.

ಗಂಗಾವತಿ ಗರಡಿ

ಮರಳು ತಗದ್ರಿ?

ಕೌಲ್‌ಬಜಾರ್ ಕರಾಟೆ, ಬಳ್ಳಾರಿ

ತೆಗೆದ್ವಿ. ಎರಡು ಚೀಲ ಜೀನ್ಸ್ ತುಂಡು ಬಂದೈತೆ. ಒಂದು ಚೀಲ ಆರಿಸೋದ್ರಲ್ಲಿ ರಿವೆಟ್ಟು ಒಂದು ಹಿಡಿ ಸಿಕ್ತು.